‘ನೋ ರಿಟರ್ನ್’ ಅಂತ ಬರೆದರೆ ಮುಗೀತಾ?

ಸೋಂದಾದ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳಕ್ಕೆ ಈಗ ಮೊಬೈಲ್‌ನಲ್ಲೇ ಬೆಂಗಳೂರಿನಿಂದ ಆರ್ಡರ್ ಬರಬಹುದು. ಆನ್‌ಲೈನ್‌ನಲ್ಲಿ ಮಾರುವ ಸಣ್ಣ ಪೇಜ್‌ಗಳಲ್ಲಿ ನಾನು ಮತ್ತೆ ಮತ್ತೆ ನೋಡುವ ಸಾಲು: ‘ನೋ ರಿಟರ್ನ್, ನೋ ರಿಫಂಡ್’. ಈ ಸಾಲು ಕಾನೂನಿನೆದುರು ನಿಲ್ಲುತ್ತಾ?

ಪೂರ್ತಿ ನಿಲ್ಲಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2020ರ ಜುಲೈನಲ್ಲಿ ಇ-ಕಾಮರ್ಸ್ ನಿಯಮಗಳು ಬಂದವು. ವಸ್ತು ಕೆಟ್ಟಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇರದಿದ್ದರೆ ವಾಪಸ್ ಪಡೆಯಲ್ಲ ಎನ್ನುವಂತಿಲ್ಲ. ಗ್ರಾಹಕರ ಮನಸ್ಸು ಬದಲಾಯಿತು ಎಂಬುದಷ್ಟೇ ಕಾರಣವಾದರೆ ಆ ಕಡ್ಡಾಯ ಇಲ್ಲ.

ಮನೆಯಿಂದ ಮಾರುವವರಿಗೂ ಇದು ಅನ್ವಯವೇ? ಹಳೇ ಫೋನ್ ಒಮ್ಮೆ ಮಾರಿದವರಿಗೆ ಇಲ್ಲ. ನಿಯಮಿತವಾಗಿ ವ್ಯಾಪಾರ ಮಾಡುವವರಿಗೆ ಹೌದು. ಹೆಸರು, ವಿಳಾಸ, ಒಟ್ಟು ಬೆಲೆ, ರಿಟರ್ನ್ ಷರತ್ತು ಮೊದಲೇ ತಿಳಿಸಬೇಕು. ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು.

ಹೆಚ್ಚಿನವರು ಗಮನಿಸದ ಅಂಶ ಇನ್ನೊಂದಿದೆ. ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸೋಂದಾದವರು ದೊಡ್ಡ ಕಂಪನಿಯನ್ನೂ ಕಾರವಾರದ ಜಿಲ್ಲಾ ಆಯೋಗಕ್ಕೆ ಎಳೆಯಬಹುದು. ಪಾವತಿಸಿದ ಮೊತ್ತ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಮೊದಲು 1915 ಸಹಾಯವಾಣಿಗೂ ಹೇಳಬಹುದು. ಆದರೆ ಇದೇ ಹಕ್ಕು ಬೆಂಗಳೂರಿನ ಗ್ರಾಹಕರಿಗೂ ಇದೆ. ಒಂದು ಬಾಟಲಿ ಉಪ್ಪಿನಕಾಯಿಯ ಜಗಳಕ್ಕೆ ಸೋಂದಾದ ಮಾರಾಟಗಾರರೇ ಘಟ್ಟ ಬಿಟ್ಟು ಅಲ್ಲಿಗೆ ಓಡಾಡಬೇಕಾದೀತು.

ಹಾಗಾಗಿ ದೊಡ್ಡ ಸೈಟಿನಿಂದ ಕಾಪಿ ಹೊಡೆದ ಇಂಗ್ಲಿಷ್ ಪಾಲಿಸಿಗಿಂತ, ಪಾಲಿಸಲು ಆಗುವ ನಾಲ್ಕು ಕನ್ನಡ ಸಾಲು ಮೇಲು ಅನ್ನೋದು ನನ್ನ ವಾದ: ಬಾಟಲಿ ಒಡೆದು ಬಂದರೆ ಏನು, ಫೋಟೊ ಯಾರಿಗೆ ಕಳಿಸಬೇಕು, ದುಡ್ಡು ಎಷ್ಟು ದಿನದಲ್ಲಿ ವಾಪಸ್, ದೂರಿಗೆ ಯಾವ ನಂಬರ್.