ಐದಕ್ಷರದ ಹಿಟ್ಟು

ಕಳೆದ ತಿಂಗಳು ಒಂದು ಸಂಜೆ ಚಪಾತಿಗೆ ಹಿಟ್ಟು ನಾದುತ್ತಾ ಕೂತಿದ್ದೆ. ಐದನೇ ತರಗತಿಯ ಮಗಳು ನೋಟ್‌ಬುಕ್ ಹಿಡಿದು ಬಂದಳು. ಓ-ಯು-ಜಿ-ಎಚ್, ಈ ನಾಲ್ಕು ಅಕ್ಷರ ಒಟ್ಟಿಗೆ ಬರಬೇಕು, ಪದದಲ್ಲಿ ಒಟ್ಟು ಐದೇ ಅಕ್ಷರ ಇರಬೇಕು. ಅಂಥ ಆರು ಇಂಗ್ಲಿಷ್ ಪದ ಬರೆದು, ಮಾರನೇ ದಿನ ತರಗತಿಯಲ್ಲಿ ಗಟ್ಟಿಯಾಗಿ ಓದಬೇಕಂತೆ.

ಹಿಂದಿನ ವಾರ ಹೀಗೇ ಐ-ಜಿ-ಎಚ್-ಟಿ ಕೊಟ್ಟಿದ್ದರು. ಅದು ಸಲೀಸು. ಲೈಟ್, ನೈಟ್, ಫೈಟ್, ರೈಟ್, ಟೈಟ್, ಮೈಟ್, ಸೈಟ್ ಅಂತ ಪ್ರಾಸ ಕೂಡಿಸಿಕೊಂಡು ಹೋದವು. (ಈ ಸೈಟ್ ಅಂದರೆ ನೋಟ. ನಮ್ಮ ಯಜಮಾನರು ದಿನಾ ಕನಸು ಕಾಣುವ ಸೈಟ್ ಬೇರೆ, ಅದಕ್ಕೆ ನಾಲ್ಕೇ ಅಕ್ಷರ!) ಎಂಟನೆಯದಾಗಿ ಸಿಕ್ಕಿದ ‘ಎಂಟು’ ಒಂದೇ ಪ್ರಾಸ ತಪ್ಪಿಸಿ ‘ಏಟ್’ ಅಂತ ಏಟು ಕೊಟ್ಟಿತ್ತು.

ಆ ಧೈರ್ಯದಲ್ಲೇ ಇದಕ್ಕೂ ಕೈ ಹಾಕಿದೆ. ಮುಂದೆ ಆರ್ ಹಾಕಿದರೆ ರಫ್, ಟಿ ಹಾಕಿದರೆ ಟಫ್, ಇವೆರಡು ನನಗೆ ಗೊತ್ತಿದ್ದವು. ಹಾಗಾದರೆ ಸಿ ಹಾಕಿದರೆ ಕಫ್, ಬಿ ಹಾಕಿದರೆ ಬಫ್, ಡಿ ಹಾಕಿದರೆ ಡಫ್ ತಾನೆ? ಕಫ್ ಅಂದರೆ ಕೆಮ್ಮು ಎಂದು ನಿಘಂಟಿನಲ್ಲಿತ್ತು. ಕೆಮ್ಮಿಗೂ ಕಫಕ್ಕೂ ನಂಟು ಇದ್ದೇ ಇದೆಯಲ್ಲ, ಸರಿಯಾಗೇ ಇದೆ ಅಂದುಕೊಂಡೆ! ಕೊನೆಗೆ ಟಿ ಸೇರಿಸಿ ‘ಔಟ್’ ಅಂತ ಓದಿಸಿ ಆರು ಮುಗಿಸಿದೆ.

ಮಾರನೇ ದಿನ ಮಗಳು ಮುಖ ಊದಿಸಿಕೊಂಡು ಬಂದಳು. ಆರರಲ್ಲಿ ನಾಲ್ಕು ತಪ್ಪು. ಇಡೀ ತರಗತಿ ನಕ್ಕಿತಂತೆ. “ಅದು ಡಫ್ ಅಲ್ಲ, ಡೋ. ಕಲಸಿದ ಹಿಟ್ಟು ಅಂತ. ಇನ್ಮೇಲೆ ನೀನು ಹೇಳ್ಕೊಡ್ಬೇಡ ಕಣಮ್ಮ, ನಿಂಗೆ ಗೊತ್ತಾಗಲ್ಲ” ಅಂದ್ಲು. ಅಂದವಳು ಪುಸ್ತಕ ತೆಗೆದುಕೊಂಡು ಪಕ್ಕದ ಮನೆಗೆ ಹೋದಳು.

ಸೋದರಿಯರೇ, ನಾನು ಓದಿದ್ದು ಕನ್ನಡ ಶಾಲೆಯಲ್ಲಿ, ಎಸ್ಸೆಸ್ಸೆಲ್ಸಿವರೆಗೆ. ನಮಗೆ ಎ ಬಿ ಸಿ ಡಿ ಶುರುವಾದದ್ದೇ ಐದನೇ ತರಗತಿಯಲ್ಲಿ. ಮಗಳು ಅಂದದ್ದರಲ್ಲಿ ಸುಳ್ಳೇನಿಲ್ಲ. ಆದರೆ ಇಪ್ಪತ್ತು ವರ್ಷದಿಂದ ದಿನಾ ಕೈಯಲ್ಲಿ ನಾದುವ ವಸ್ತುವಿನ ಹೆಸರೇ ನನ್ನನ್ನು ಸೋಲಿಸಿತಲ್ಲ ಅಂತ ರಾತ್ರಿ ನಿದ್ದೆ ಹತ್ತಲಿಲ್ಲ.

ಅದೇ ವಾರ ತವರಿಗೆ ಹೋಗುವುದಿತ್ತು. ನಂಜನಗೂಡಿನಿಂದ ಕಪಿಲೆ ಹರಿದು ಹೋಗಿ ಕಾವೇರಿ ಸೇರುವ ಟಿ. ನರಸೀಪುರವೇ ನನ್ನ ತವರು. ನಾನು ಮಾತ್ರ ನದಿಗೆ ಎದುರಾಗಿ ಬಂದು ನಂಜನಗೂಡಿನ ಸೊಸೆಯಾದವಳು. ಅಂದಹಾಗೆ ಆ ‘ಟಿ’ ನೋಡಿ. ತಿರುಮಕೂಡಲು ಅನ್ನೋ ಅಷ್ಟು ಚೆಂದದ ಹೆಸರು ಒಂದು ಇಂಗ್ಲಿಷ್ ಅಕ್ಷರದೊಳಗೆ ಮುದುಡಿಕೊಂಡು ಕೂತಿದೆ! ಅಲ್ಲಿ ನಮ್ಮ ಬೀದಿಯಲ್ಲೇ ನಿವೃತ್ತ ಮೇಷ್ಟ್ರು ಒಬ್ಬರಿದ್ದಾರೆ. ಅವರ ಹತ್ತಿರ ನನ್ನ ಸಂಕಟ ಹೇಳಿಕೊಂಡೆ. ಮೇಷ್ಟ್ರು ನಗಲಿಲ್ಲ. “ತಪ್ಪು ನಿಂದಲ್ಲಮ್ಮ, ಆ ಜಿ-ಎಚ್‌ದು” ಅಂದರು.

ಅವರು ಹೇಳಿದ್ದು ಇಷ್ಟು. ಹಿಂದೆ ಇಂಗ್ಲಿಷರು ಈ ಜಿ-ಎಚ್ ಅನ್ನು ಬಾಯಿ ತುಂಬ ಉಚ್ಚರಿಸುತ್ತಿದ್ದರು. ಗಂಟಲಿನಿಂದ ‘ಖ್’ ಅಂತ ಬರುವಂಥ ಸದ್ದು ಅದು. ರಾತ್ರಿಗೆ ಜರ್ಮನಿಯವರು ಈಗಲೂ ‘ನಾಖ್ಟ್’ ಅನ್ನುತ್ತಾರೆ, ಇಂಗ್ಲಿಷಿನ ನೈಟ್ ಅದರ ಒಡಹುಟ್ಟು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಮೊದಲ ಅಚ್ಚುಕೂಟ ಹೂಡಿದ. ಮುಂದೆ ಪುಸ್ತಕಗಳು ಹೆಚ್ಚಿದ ಹಾಗೆ ಕಾಗುಣಿತ ಗಟ್ಟಿಯಾಗುತ್ತಾ ಬಂತು, ಜನರ ನಾಲಿಗೆ ಮಾತ್ರ ನಿಲ್ಲಲಿಲ್ಲ. ಆ ಗಂಟಲ ಸದ್ದು ಕೆಲವು ಪದಗಳಲ್ಲಿ ‘ಫ್’ ಆಯಿತು, ಕೆಲವದರಲ್ಲಿ ಮಾಯವೇ ಆಯಿತು. ಹಾಗಾಗಿ ಅದೇ ನಾಲ್ಕು ಅಕ್ಷರ ಇಟ್ಟುಕೊಂಡೂ ರಫ್, ಟಫ್ ಒಂದು ಕಡೆ; ಕೆಮ್ಮು ‘ಕಾಫ್’, ಮರದ ಕೊಂಬೆ ‘ಬೌ’, ಹಿಟ್ಟು ‘ಡೋ’. ನಾನು ಔಟ್ ಅಂತ ಓದಿಸಿದ್ದು ‘ಆಟ್’. ಆರು ಪದ, ಐದು ಬಗೆ!

“ನಮ್ಮಲ್ಲೂ ನಾಲಿಗೆ ತಿರುಗಿದೆ, ಆದರೆ ನಾವು ಬರಹವನ್ನೂ ತಿರುಗಿಸಿಕೊಂಡೆವು” ಅಂತ ಮೇಷ್ಟ್ರು ಇನ್ನೊಂದು ಮಾತು ಸೇರಿಸಿದರು. ಹಳಗನ್ನಡದಲ್ಲಿ ಹಾಲು ‘ಪಾಲ್’, ಹೂವು ‘ಪೂ’, ಹಲ್ಲು ‘ಪಲ್’, ಹಾವು ‘ಪಾವು’. ಬಿ. ಎಲ್. ರೈಸ್ ಅವರು ನಮ್ಮೆರಡು ತಾಲ್ಲೂಕುಗಳ ಶಾಸನಗಳನ್ನು 1894ರಲ್ಲೇ ಅಚ್ಚು ಮಾಡಿಸಿದ್ದಾರೆ, ಅವುಗಳಲ್ಲಿ ಹಳೆಯವನ್ನು ತೆರೆದರೆ ಈ ಪಕಾರ ಸಿಗುತ್ತದೆ. ಬಾಯಲ್ಲಿ ಪ ಹೋಗಿ ಹ ಬಂದಾಗ ನಮ್ಮವರು ಬರೆಯುವುದನ್ನೂ ಬದಲಾಯಿಸಿದರು. ‘ಮೞೆ’ಯ ಆ ವಿಚಿತ್ರ ಅಕ್ಷರ ಸದ್ದು ಕಳೆದುಕೊಂಡಾಗ ‘ಮಳೆ’ ಅಂತ ಬರೆದು ಸುಮ್ಮನಾದರು. ಇಂಗ್ಲಿಷರ ದಾರಿ ಹಿಡಿದಿದ್ದರೆ ನಾವಿವತ್ತು ‘ಪಾಲು’ ಅಂತ ಬರೆದು ‘ಹಾಲು’ ಅಂತ ಓದಬೇಕಿತ್ತು. ಪಾಲು ಕೇಳಿದವರಿಗೆ ಹಾಲು ಕೊಟ್ಟು ಎಷ್ಟು ಮನೆಗಳಲ್ಲಿ ಜಗಳ ಆಗುತ್ತಿತ್ತೋ!

ಊರಿಗೆ ವಾಪಸು ಬಂದವಳು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಐದು ಮನೆ ಗೀಚಿದೆ. ಅಕ್ಷರ ನೋಡಿ ಅಲ್ಲ, ಸದ್ದು ಕೇಳಿ ಪದಗಳನ್ನು ಒಂದೊಂದು ಮನೆಗೆ ಸೇರಿಸುತ್ತಾ ಹೋದೆ. ನಿಘಂಟಿನಲ್ಲಿ ಉಚ್ಚಾರಣೆಯನ್ನೂ ಕೊಟ್ಟಿರುತ್ತಾರೆ, ನಾನು ಅರ್ಥ ನೋಡಿ ಮುಚ್ಚಿಬಿಡುತ್ತಿದ್ದೆ ಅಷ್ಟೆ. ಮಕ್ಕಳಿಗೆ ಹೇಳಿಕೊಡುವ ತಾಯಂದಿರು ಮೊದಲು ಅದನ್ನು ನೋಡಿಕೊಳ್ಳಿ, ಮೊಬೈಲಿನಲ್ಲಿ ಕೇಳಿಸಿಕೊಂಡರೆ ಇನ್ನೂ ಸುಲಭ. ಪದ ಹತ್ತೇ ಇರಲಿ, ಆದರೆ ಕಣ್ಣೆದುರಿಗೆ ಇರುವಂಥದ್ದಾಗಲಿ. ‘ಡೋ’ ಅನ್ನುವಾಗ ಮಗುವಿನ ಕೈಗೆ ಒಂದು ಉಂಡೆ ಹಿಟ್ಟು ಕೊಟ್ಟರೆ ಅದು ಮರೆಯುವುದಿಲ್ಲ.

ಮಗಳು ಮೊದಲು ಹತ್ತಿರ ಬರಲಿಲ್ಲ. ಪಾಲು-ಹಾಲಿನ ಕತೆ ಹೇಳಿದ ಮೇಲೆ ಅದನ್ನು ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದುಕೊಂಡಳು. ಎರಡು ದಿನ ಬಿಟ್ಟು, “ಅಮ್ಮಾ, ಕಾಫಿಗೆ ಪಾಲ್ ಪಾಕ್ಲಾ?” ಅಂತ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದಳು. ‘ಹಾಕು’ ಕೂಡ ಹಾಗೇ ಪಕಾರದಿಂದ ಬಂದದ್ದೋ ಏನೋ, ಮೇಷ್ಟ್ರನ್ನು ಕೇಳಬೇಕು.

ಈ ವಾರದ ಪಟ್ಟಿ ಬಂದಿದೆ. ಕೆ-ಎನ್‌ನಿಂದ ಶುರುವಾಗುವ ಐದಕ್ಷರದ ಪದಗಳು, ಅಲ್ಲಿ ‘ಕೆ’ಗೆ ಬಾಯಿಲ್ಲ. ನೈಫ್, ನಾಕ್, ನೋನ್ ಸಿಕ್ಕಿವೆ. ನಾಲ್ಕನೆಯದು ನಾನೇ ಹುಡುಕಿ ಕೊಟ್ಟದ್ದು, ‘ನೀಡ್’. ಹಾಗಂದರೆ ಹಿಟ್ಟು ನಾದುವುದು.