ಖಾತೆ ಒಂದು ಕಡೆ, ಆ್ಯಪ್ ಇನ್ನೊಂದು ಕಡೆ

ಬಳ್ಳಾರಿಯ ಕಿರಾಣಿ ಅಂಗಡಿಯಲ್ಲಿ ಗಿರಾಕಿಯೊಬ್ಬರು ಫೋನ್‌ಪೇಯಲ್ಲಿ 50 ರೂಪಾಯಿ ಕೊಡುತ್ತಾರೆ ಎಂದುಕೊಳ್ಳಿ. ಅವರ ಖಾತೆ ಕರ್ಣಾಟಕ ಬ್ಯಾಂಕಿನಲ್ಲಿದೆ, ಅಂಗಡಿಯವರದು ಗ್ರಾಮೀಣ ಬ್ಯಾಂಕಿನಲ್ಲಿ. ಆದರೆ ಗಿರಾಕಿಯ ಯುಪಿಐ ಐಡಿಯ ಕೊನೆಗೆ 'ವೈಬಿಎಲ್' ಎಂದಿದೆ. ಅದು ಯೆಸ್ ಬ್ಯಾಂಕಿನ ಗುರುತು. ಇಬ್ಬರಿಗೂ ಅಲ್ಲಿ ಖಾತೆಯೇ ಇಲ್ಲ. ಸ್ಕ್ಯಾನ್ ಮಾಡಿ ಪಿನ್ ಒತ್ತಿದೊಡನೆ ಕೋರಿಕೆ ಯೆಸ್ ಬ್ಯಾಂಕಿನ ಮೂಲಕ ರಾಷ್ಟ್ರೀಯ ಪಾವತಿ ನಿಗಮಕ್ಕೆ (ಎನ್‌ಪಿಸಿಐ) ಹೋಗುತ್ತದೆ. ಪಿನ್ ಒತ್ತುವ ಪುಟವೂ ನಿಗಮದ್ದೇ, ಆ್ಯಪ್ ಕಂಪನಿಗೆ ಪಿನ್ ಕಾಣುವುದಿಲ್ಲ. ಕರ್ಣಾಟಕ ಬ್ಯಾಂಕ್ ಪಿನ್ ತಾಳೆ ನೋಡಿ ದುಡ್ಡು ಕಡಿತ ಮಾಡುತ್ತದೆ, ಗ್ರಾಮೀಣ ಬ್ಯಾಂಕ್ ಜಮಾ ಮಾಡಿಕೊಳ್ಳುತ್ತದೆ.

2016ರ ಏಪ್ರಿಲ್‌ನಲ್ಲಿ 21 ಬ್ಯಾಂಕುಗಳೊಂದಿಗೆ ಪ್ರಾಯೋಗಿಕವಾಗಿ ಶುರುವಾದ ಯುಪಿಐಯ ತಿರುಳು ಇದೇ: ದುಡ್ಡು ಇಡುವ ಜಾಗ ಬೇರೆ, ದುಡ್ಡು ಕಳಿಸುವ ಆ್ಯಪ್ ಬೇರೆ. ಅಲ್ಲಿಯವರೆಗೆ ಆಯಾ ಬ್ಯಾಂಕಿನ ಆ್ಯಪ್ ಆಯಾ ಬ್ಯಾಂಕಿನ ಖಾತೆಯನ್ನಷ್ಟೇ ತೆರೆಯುತ್ತಿತ್ತು. ಒಳ್ಳೆಯ ಆ್ಯಪ್ ಬೇಕೆಂದರೆ ದೊಡ್ಡ ಬ್ಯಾಂಕಿಗೇ ಹೋಗಬೇಕು ಎಂಬ ಸ್ಥಿತಿ ಇತ್ತು. ಈಗ ಸಣ್ಣ ಬ್ಯಾಂಕಿನ ಖಾತೆದಾರನ ಕೈಯಲ್ಲೂ ಅದೇ ಆ್ಯಪ್, ಅದೇ ಕ್ಯೂಆರ್. ಆ್ಯಪ್ ಚೆನ್ನಾಗಿಲ್ಲ ಎಂಬ ಒಂದೇ ಕಾರಣಕ್ಕೆ ಊರಿನ ಬ್ಯಾಂಕನ್ನು ಬಿಡಬೇಕಾಗಿಲ್ಲ. ಯುಪಿಐ ಮಾಡಿದ ದೊಡ್ಡ ಉಪಕಾರವಿದು, ಇದನ್ನು ಕಡೆಗಣಿಸಬಾರದು.

ಆದರೆ ನಡುವಿನ ಬ್ಯಾಂಕು ಕುಸಿದರೆ? 2020ರ ಮಾರ್ಚ್ 5ರಂದು ರಿಸರ್ವ್ ಬ್ಯಾಂಕು ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿತು. ಬೆಂಗಳೂರು ಮೂಲದ ಫೋನ್‌ಪೇ ಆಗ ಯುಪಿಐಗೆ ಆ ಒಂದೇ ಬ್ಯಾಂಕನ್ನು ನೆಚ್ಚಿಕೊಂಡಿತ್ತು. ಸ್ಟೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಖಾತೆದಾರರ ದುಡ್ಡು ಸುರಕ್ಷಿತವಾಗಿದ್ದರೂ ಆ ಆ್ಯಪಿನಿಂದ ಕಳಿಸಲಾಗಲಿಲ್ಲ. ಐಸಿಐಸಿಐ ಬ್ಯಾಂಕಿನ ಮೂಲಕ ಸೇವೆ ಮರಳಲು ಸುಮಾರು ಒಂದು ದಿನ ಹಿಡಿಯಿತು.

ಇನ್ನು ಶುಲ್ಕದ ಮಾತು. 2020ರ ಜನವರಿಯಿಂದ ಬ್ಯಾಂಕ್ ಖಾತೆಯಿಂದ ಮಾಡುವ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ಪಡೆಯುವಂತಿಲ್ಲ. ದರದ ಪೈಪೋಟಿಗೆ ಜಾಗವಿಲ್ಲದ ಮೇಲೆ ಉಳಿಯುವುದು ಸರ್ವರಿನ ಗಟ್ಟಿತನ. ಬ್ಯಾಂಕಿನ ತಾಂತ್ರಿಕ ದೋಷದಿಂದ ಎಷ್ಟು ಪಾವತಿಗಳು ಕೆಟ್ಟವು ಎಂಬುದನ್ನು ನಿಗಮ ಬ್ಯಾಂಕುವಾರು ಪ್ರಕಟಿಸುತ್ತದೆ. ಇದು ಆರೋಗ್ಯಕರ ಒತ್ತಡ. ಆದರೆ ಹತ್ತಿಪ್ಪತ್ತು ರೂಪಾಯಿಯ ಪಾವತಿಗಳನ್ನೂ ಹೊರುವ ಸರ್ವರಿನ ಖರ್ಚು ಬ್ಯಾಂಕಿನ ತಲೆಯ ಮೇಲೇ ಬೀಳುತ್ತದೆ. ಸಣ್ಣ ವ್ಯಾಪಾರಿಗಳಿಗೆ ಸಲ್ಲುವ 2,000 ರೂಪಾಯಿವರೆಗಿನ ಪಾವತಿಗಳಿಗೆ ಶೇ. 0.15 ಪ್ರೋತ್ಸಾಹಧನ ಕೊಡಲು 2024-25ಕ್ಕೆ ಕೇಂದ್ರ ಸರ್ಕಾರ 1,500 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿಕೊಂಡದ್ದು ಅದಕ್ಕೇ.

ಬ್ರೆಜಿಲ್ ಬೇರೆ ದಾರಿ ಹಿಡಿಯಿತು. ಅಲ್ಲಿನ ಕೇಂದ್ರ ಬ್ಯಾಂಕು 2020ರ ನವೆಂಬರ್‌ನಲ್ಲಿ 'ಪಿಕ್ಸ್' ಎಂಬ ಪಾವತಿ ವ್ಯವಸ್ಥೆ ಆರಂಭಿಸಿ, 5 ಲಕ್ಷಕ್ಕಿಂತ ಹೆಚ್ಚು ಖಾತೆಗಳಿರುವ ಸಂಸ್ಥೆಗಳೆಲ್ಲ ಸೇರಲೇಬೇಕೆಂದಿತು. ಅಲ್ಲಿ ಜನ ಹೆಚ್ಚಾಗಿ ತಮ್ಮ ಬ್ಯಾಂಕಿನ ಆ್ಯಪಿನಿಂದಲೇ ದುಡ್ಡು ಕಳಿಸುತ್ತಾರೆ. ಭಾರತದಲ್ಲಿ ಪೈಪೋಟಿ ಬ್ಯಾಂಕಿನಿಂದ ಆ್ಯಪಿಗೆ ಜರುಗಿತು, ಜರುಗಿದ ಕಡೆ ಕಿರಿದಾಯಿತು. 2025ರಲ್ಲೂ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಯುಪಿಐ ಪಾವತಿಗಳು ನಡೆದದ್ದು ಫೋನ್‌ಪೇ, ಗೂಗಲ್ ಪೇ ಎರಡರಲ್ಲೇ.

ಯಾವುದೇ ಆ್ಯಪಿನ ಪಾಲು ಶೇ. 30 ಮೀರಬಾರದು ಎಂದು ನಿಗಮ 2020ರ ನವೆಂಬರ್‌ನಲ್ಲೇ ಹೇಳಿತ್ತು. ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಗಿ 2026ರ ಡಿಸೆಂಬರ್ 31ಕ್ಕೆ ಬಂದು ನಿಂತಿತು. ಮಿತಿ ಮೀರಿದ ಆ್ಯಪ್ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಬೇಕು ಎನ್ನುತ್ತದೆ ನಿಯಮ. ಬರಿ ಅಷ್ಟರಿಂದ ಬ್ಯಾಂಕುಗಳ ಕೈ ಬಲವಾಗದು. ಅವುಗಳ ಸ್ವಂತ ಆ್ಯಪ್‌ಗಳೂ ಸಲೀಸಾಗಿ ಓಡಬೇಕು, ಕನ್ನಡದಲ್ಲೂ ಸರಿಯಾಗಿ ಸಿಗಬೇಕು.