ಅಡ್ಡಗೋಡೆಯ ಮೇಲಿನ ದೀಪ

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಬೇಕೆನ್ನುವವರು ಗೋಡೆಯ ಕ್ಯಾಲೆಂಡರಿನಲ್ಲಿ ಮೊದಲು ಮೂರು ಸಂಗತಿಗಳನ್ನು ಹುಡುಕುತ್ತಾರೆ: ಮಂಗಳವಾರ, ಶುಕ್ರವಾರ, ಹುಣ್ಣಿಮೆ. ಇವುಗಳಲ್ಲಿ ಮೊದಲಿನವೆರಡು ಒಂದನ್ನೊಂದು ಎಂದೂ ಸಂಧಿಸಲಾರವು. ಮಂಗಳವಾರವಾದ ದಿನ ಶುಕ್ರವಾರವಲ್ಲ; ಶುಕ್ರವಾರವಾದ ದಿನ ಮಂಗಳವಾರವಲ್ಲ. ಹುಣ್ಣಿಮೆಯ ಸ್ವಭಾವವೇ ಬೇರೆ. ಅದು ಯಾವ ವಾರದ ಮನೆಗಾದರೂ ಅತಿಥಿಯಾಗಿ ಬರಬಲ್ಲದು. ಭಾರತ ಹುಣ್ಣಿಮೆ ಶುಕ್ರವಾರವೇ ಬಂದಿತೆಂದರೆ ಗುಡ್ಡದಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲ್ಲೂಕುಗಳ ಮಕ್ಕಳು ಇಷ್ಟನ್ನು ಅಜ್ಜಿಯ ಸೆರಗು ಹಿಡಿದು ನಡೆಯುವ ವಯಸ್ಸಿಗೇ ಬಲ್ಲರು. ಆದರೆ ಇದೇ ಸಂಗತಿ ಗಣಿತದ ಪುಸ್ತಕದಲ್ಲಿ ‘ಪರಸ್ಪರ ವರ್ಜಕ ಘಟನೆಗಳು’ ಎಂಬ ಗಂಭೀರ ನಾಮಧೇಯವನ್ನು ಧರಿಸಿ ಎದುರಿಗೆ ನಿಂತಾಗ ಅದೇ ಮಕ್ಕಳು ತಬ್ಬಿಬ್ಬಾಗುತ್ತಾರೆ.

ಒಂದು ಘಟನೆ ನಡೆದರೆ ಇನ್ನೊಂದು ನಡೆಯಲು ಅವಕಾಶವೇ ಇಲ್ಲದಿದ್ದರೆ ಆ ಎರಡೂ ಪರಸ್ಪರ ವರ್ಜಕ. ಅರ್ಥ ಇಷ್ಟೇ. ಅದರಿಂದ ದೊರೆಯುವ ಲಾಭವೂ ದೊಡ್ಡದು: ಅಂಥ ಘಟನೆಗಳಲ್ಲಿ ‘ಇದು ಅಥವಾ ಅದು’ ಆಗುವ ಸಂಭವನೀಯತೆ ಬೇಕಾದರೆ ಎರಡರ ಸಂಭವನೀಯತೆಗಳನ್ನು ಕೂಡಿಸಿದರೆ ಸಾಕು. ಈಗಿನ ಹತ್ತನೆಯ ತರಗತಿಯ ಪುಸ್ತಕ ಈ ಹೆಸರನ್ನು ಒತ್ತಿ ಹೇಳುವುದಿಲ್ಲ. ಒಂದು ಘಟನೆ ಮತ್ತು ಅದರ ಅಭಾವ ಇವೆರಡರ ಮೊತ್ತ 1 ಎಂದು ಹೇಳಿ ಮುಂದಕ್ಕೆ ಸಾಗುತ್ತದೆ. ಹೆಸರೂ ಸೂತ್ರವೂ ಬರುವುದು ಪದವಿಪೂರ್ವ ಪ್ರಥಮ ವರ್ಷದಲ್ಲಿ. ಹೈಸ್ಕೂಲಿನಲ್ಲಿ ಬುನಾದಿ ಬೀಳದಿದ್ದರೆ ಅಲ್ಲಿ ಸೂತ್ರ ಬಾಯಿಪಾಠವಾಗುತ್ತದೆ, ಅರ್ಥ ಹೊರಗುಳಿಯುತ್ತದೆ. ಆದ್ದರಿಂದ ಈ ಬುನಾದಿಯನ್ನು ಹಾಕುವ ಭಾರ ಹೈಸ್ಕೂಲಿನ ಉಪಾಧ್ಯಾಯರ ಹೆಗಲ ಮೇಲೆಯೇ ಬೀಳುತ್ತದೆ.

ಮಕ್ಕಳು ಎಡವುವ ಸ್ಥಳ ಗಣಿತದಲ್ಲಿಲ್ಲ, ಭಾಷೆಯಲ್ಲಿದೆ. ‘ಅಥವಾ’ ಎಂಬ ಸಂಸ್ಕೃತ ಅವ್ಯಯವನ್ನು ಪುಸ್ತಕ ನೆಚ್ಚಿಕೊಂಡಿದೆ. ಮನೆಯಲ್ಲಿ ಅದನ್ನು ಆಡುವವರು ವಿರಳ. ಮನೆಯ ಕನ್ನಡದಲ್ಲಿ ಈ ಕೆಲಸಕ್ಕೆ ಎರಡು ಬೇರೆ ಬೇರೆ ನುಡಿಗಟ್ಟುಗಳಿವೆ. ‘ಅಣ್ಣ ಬರಲಿ, ಇಲ್ಲವೆ ತಮ್ಮ ಬರಲಿ’ ಎಂದಾಗ, ‘ಇಲ್ಲವೆ’ ಎಂಬ ಮಾತಿನ ಒಡಲಲ್ಲಿಯೇ ಮೊದಲನೆಯವನ ಅಭಾವ ಅಡಗಿದೆ. ಇಬ್ಬರೂ ಬರುವ ಪ್ರಸಂಗ ಅಲ್ಲಿ ಮನಸ್ಸಿಗೆ ಬರುವುದಿಲ್ಲ. ‘ಅಣ್ಣನಾಗಲಿ ತಮ್ಮನಾಗಲಿ ಬರಲಿ’ ಎಂದರೆ ಇಬ್ಬರೂ ಬಂದರೂ ಆಕ್ಷೇಪವಿಲ್ಲ. ಗಣಿತದ ‘ಅಥವಾ’ ಎಂಬುದು ಈ ಎರಡನೆಯ ಜಾತಿಗೆ ಸೇರಿದ್ದು. ಈ ಭೇದವನ್ನು ಮೊದಲ ದಿನವೇ ಕನ್ನಡದಲ್ಲಿ ಬಿಡಿಸಿ ಹೇಳಿದರೆ ಅರ್ಧ ಪಾಠ ಮುಗಿದಂತೆ. ವಿಚಿತ್ರವೆಂದರೆ, ಕನ್ನಡದ ಪಂಡಿತರು ಇದನ್ನು ಗಣಿತದವರಿಗೆ ಬಿಟ್ಟಿದ್ದಾರೆ, ಗಣಿತದವರು ಕನ್ನಡದವರಿಗೆ ಬಿಟ್ಟಿದ್ದಾರೆ.

ಮತ್ತೆ ಆ ಕ್ಯಾಲೆಂಡರನ್ನೇ ನೋಡಬಹುದು. ಮೂವತ್ತು ದಿನದ ಒಂದು ತಿಂಗಳು. ಅದರಲ್ಲಿ ನಾಲ್ಕು ಮಂಗಳವಾರ, ನಾಲ್ಕು ಶುಕ್ರವಾರ, ಒಂದು ಹುಣ್ಣಿಮೆ. ಕಣ್ಣು ಮುಚ್ಚಿ ಒಂದು ತಾರೀಖಿನ ಮೇಲೆ ಬೆರಳಿಟ್ಟರೆ ಮಂಗಳವಾರ ಅಥವಾ ಶುಕ್ರವಾರ ಸಿಕ್ಕುವ ಸಂಭವನೀಯತೆ 4/30 ಮತ್ತು 4/30 ಕೂಡಿ 8/30. ಇದರಲ್ಲಿ ವಿವಾದವಿಲ್ಲ. ಶುಕ್ರವಾರ ಅಥವಾ ಹುಣ್ಣಿಮೆ ಸಿಕ್ಕುವ ಸಂಭವನೀಯತೆ? ಹುಡುಗನು ಅದೇ ಉತ್ಸಾಹದಲ್ಲಿ 5/30 ಎಂದು ಬರೆಯುತ್ತಾನೆ. ಆ ತಿಂಗಳ ಹುಣ್ಣಿಮೆ ಶುಕ್ರವಾರವೇ ಬಿದ್ದಿದ್ದರೆ ಉತ್ತರ 4/30 ಮಾತ್ರ. ಒಂದೇ ದಿನವನ್ನು ಅವನು ಶುಕ್ರವಾರವೆಂದು ಒಮ್ಮೆ, ಹುಣ್ಣಿಮೆಯೆಂದು ಮತ್ತೊಮ್ಮೆ ಎಣಿಸಿದ್ದಾನೆ. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಎಂಬ ಗಾದೆಯನ್ನು ನಮ್ಮ ಜನ ಖಚಿತವಾಗಿ ಮಾತನಾಡದವರಿಗೆ ಅನ್ವಯಿಸುತ್ತಾರೆ. ಈ ಪಾಠಕ್ಕೂ ಅದಕ್ಕಿಂತ ಒಳ್ಳೆಯ ಚಿತ್ರವಿಲ್ಲ. ಗೋಡೆಯ ಮೇಲಿನ ದೀಪ ಈ ಕೋಣೆಗೂ ಬೆಳಕು, ಆ ಕೋಣೆಗೂ ಬೆಳಕು. ಎರಡೂ ಕೋಣೆಗಳ ದೀಪಗಳನ್ನು ಬೇರೆ ಬೇರೆಯಾಗಿ ಎಣಿಸಿ ಕೂಡಿಸಿದವನ ಲೆಕ್ಕದಲ್ಲಿ ಮನೆಯಲ್ಲಿ ಇಲ್ಲದ ಒಂದು ದೀಪ ಹೆಚ್ಚಾಗುತ್ತದೆ. ಅದನ್ನು ಒಮ್ಮೆ ಕಳೆಯಬೇಕು. ಗೋಡೆಯ ಮೇಲೆ ದೀಪವೇ ಇಲ್ಲದ ಮನೆ, ಪರಸ್ಪರ ವರ್ಜಕ.

ಕಿತ್ತೂರಿನ ಮಕ್ಕಳಿಗೆ ಇನ್ನೂ ಸೊಗಸಾದ ಉದಾಹರಣೆ ಉಂಟು. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೇನೆ ಥ್ಯಾಕರೆಯ ಪಡೆಯನ್ನು ಸೋಲಿಸಿದ ನೆನಪಿಗೆ ಅಲ್ಲಿ ಅಕ್ಟೋಬರ್ 23ರಿಂದ 25ರವರೆಗೆ ಕಿತ್ತೂರು ಉತ್ಸವ ನಡೆಯುತ್ತದೆ. ಆ ಮೂರು ದಿನಗಳಲ್ಲಿ ಭಾನುವಾರ ಬರುವ ಸಂಭವನೀಯತೆ ಎಷ್ಟು? 23 ಭಾನುವಾರವಾಗುವುದು, 24 ಭಾನುವಾರವಾಗುವುದು, 25 ಭಾನುವಾರವಾಗುವುದು ಈ ಮೂರೂ ಒಂದೇ ವರ್ಷ ಕೂಡಿ ಬರಲಾರವು. ಆದ್ದರಿಂದ 1/7, 1/7, 1/7 ಸೇರಿ 3/7. ಇಲ್ಲಿಗೆ ನಿಲ್ಲಿಸದೆ ಉಪಾಧ್ಯಾಯರು ತುಂಟತನದಿಂದ ಕೇಳಬೇಕಾದ ಪ್ರಶ್ನೆ ಬೇರೆ: 23 ಭಾನುವಾರ ಅಥವಾ 24 ಸೋಮವಾರ ಆಗುವ ಸಂಭವನೀಯತೆ? 2/7 ಎಂದು ಕೈಗಳು ಮೇಲೇಳುತ್ತವೆ. ಆದರೆ 23 ಭಾನುವಾರವಾದರೆ 24 ಸೋಮವಾರವಾಗದೆ ಮತ್ತೇನಾದೀತು? ಹೆಸರು ಎರಡು, ಘಟನೆ ಒಂದೇ, ಉತ್ತರ 1/7.

ಪುಸ್ತಕಗಳು ಈ ಪಾಠಕ್ಕೆ ನಾಣ್ಯ, ದಾಳ, ಇಸ್ಪೀಟು ಎಲೆಗಳನ್ನು ಆಶ್ರಯಿಸುತ್ತವೆ. ಇಸ್ಪೀಟಿನ ಐವತ್ತೆರಡು ಎಲೆಗಳಲ್ಲಿ ರಾಜ ನಾಲ್ಕು, ಆಟೀನು ಹದಿಮೂರು. ಆಟೀನಿನ ರಾಜ ಎರಡೂ ಕಡೆಯವನಾದ್ದರಿಂದ ರಾಜ ಅಥವಾ ಆಟೀನು ಬರುವ ಎಲೆಗಳು ಹದಿನಾರು. ಉದಾಹರಣೆ ನಿರ್ದುಷ್ಟ. ಆದರೆ ಮರ್ಯಾದಸ್ಥರ ಮನೆಯ ಹುಡುಗಿಗೆ ಇಸ್ಪೀಟಿನ ಕಟ್ಟನ್ನು ಮುಟ್ಟಬಾರದೆಂದು ತಾಯಿ ಹೇಳಿದ್ದಾಳೆ, ಅದರಲ್ಲಿ ರಾಜರೆಷ್ಟು ಎಂದು ಪರೀಕ್ಷೆ ಕೇಳುತ್ತದೆ! ಕವಡೆಯ ವಿಷಯದಲ್ಲಿ ಈ ತೊಡಕಿಲ್ಲ. ಯಲ್ಲಮ್ಮನ ಭಕ್ತರ ಕೊರಳಲ್ಲಿ ಕವಡೆಯ ಸರವಿದೆ, ಮನೆಯ ಜಗಲಿಯ ಮೇಲೆ ಚೌಕಾಬಾರದ ಮನೆಗಳಿವೆ. ನಾಲ್ಕು ಕವಡೆಗಳನ್ನು ಬೀಸಿದರೆ ಒಂದು ಅಂಗಾತ ಬಿದ್ದರೆ ಒಂದು, ಎರಡಕ್ಕೆ ಎರಡು, ಮೂರಕ್ಕೆ ಮೂರು, ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಬಾರಾ ಎಂದು ಎಂಟು. ಈ ಐದು ಫಲಗಳಲ್ಲಿ ಒಂದು ಬಂದರೆ ಉಳಿದ ನಾಲ್ಕಕ್ಕೆ ಬಾಗಿಲು ಮುಚ್ಚಿತು. ಐದನ್ನು ಬಿಟ್ಟು ಆರನೆಯದಿಲ್ಲ.

ಹಾಗಾದರೆ ಒಂದೊಂದರ ಸಂಭವನೀಯತೆ 1/5 ಎನ್ನಬಹುದೆ? ಬುದ್ಧಿವಂತ ಹುಡುಗರೇ ಇಲ್ಲಿ ಜಾರುವುದು. ಒಂದನ್ನೊಂದು ವರ್ಜಿಸುವವೆಲ್ಲ ಸಮಬಲದವಾಗಿರಬೇಕೆಂಬ ನಿಯಮವಿಲ್ಲ. ಕವಡೆಯ ಬದಲು ನಾಲ್ಕು ನಾಣ್ಯಗಳನ್ನು ಎಸೆದರೆ ಒಟ್ಟು ಹದಿನಾರು ರೀತಿ. ಅವುಗಳಲ್ಲಿ ಎರಡು ಮೇಲ್ಮುಖವಾಗುವ ರೀತಿಗಳು ಆರು, ನಾಲ್ಕೂ ಮೇಲ್ಮುಖವಾಗುವ ರೀತಿ ಒಂದೇ ಒಂದು. ಹೀಗೆ ಜಾರಿದವರನ್ನು ಬೆಂಚಿನ ಮೇಲೆ ನಿಲ್ಲಿಸುವ ಮುನ್ನ ಉಪಾಧ್ಯಾಯರು ದಾಲಾಂಬೇರನನ್ನು ನೆನೆಯುವುದೊಳಿತು. ಫ್ರಾನ್ಸಿನ ಆ ಮಹಾಗಣಿತಜ್ಞನು 1754ರಲ್ಲಿ ಅಲ್ಲಿಯ ವಿಶ್ವಕೋಶಕ್ಕೆ ಬರೆದ ಲೇಖನದಲ್ಲಿ, ಎರಡು ಎಸೆತಗಳಲ್ಲಿ ಒಮ್ಮೆಯಾದರೂ ನಾಣ್ಯದ ಮೇಲ್ಮುಖ ಬೀಳುವ ಸಂಭವನೀಯತೆ 2/3 ಎಂದು ವಾದಿಸಿದನು. ಮೊದಲ ಎಸೆತದಲ್ಲೇ ಬರುವುದು, ಎರಡನೆಯದರಲ್ಲಿ ಬರುವುದು, ಬಾರದೇ ಹೋಗುವುದು ಹೀಗೆ ಮೂರು ಪ್ರಸಂಗಗಳನ್ನು ಅವನು ಎಣಿಸಿದ್ದನು. ಮೂರೂ ಪರಸ್ಪರ ವರ್ಜಕವೇ. ಆದರೆ ಮೊದಲನೆಯದರ ತೂಕ ಉಳಿದ ಒಂದೊಂದರ ಇಮ್ಮಡಿ. ಸರಿಯಾದ ಉತ್ತರ 3/4. ಪಾಸ್ಕಲ್ ಮತ್ತು ಫರ್ಮಾ 1654ರಲ್ಲಿ ಪತ್ರಗಳ ಮೂಲಕ ಈ ಶಾಸ್ತ್ರಕ್ಕೆ ಅಡಿಗಲ್ಲನ್ನಿಟ್ಟು ನೂರು ವರ್ಷ ಕಳೆದ ಮೇಲೂ ಇಂಥವನು ಎಡವಿದನೆಂದರೆ ಹತ್ತನೆಯ ತರಗತಿಯ ಹುಡುಗನ ಅಪರಾಧ ಘೋರವಾದುದೇನಲ್ಲ.

ನಿಜವಾದ ಕವಡೆಯಂತೂ ನಾಣ್ಯದಷ್ಟು ನಿಷ್ಪಕ್ಷಪಾತಿಯೂ ಅಲ್ಲ. ಅದು ಅಂಗಾತ ಬೀಳುವುದೆಷ್ಟು, ಬೋರಲು ಬೀಳುವುದೆಷ್ಟು ಎಂಬುದನ್ನು ಎಸೆದು ಎಣಿಸಿಯೇ ತಿಳಿಯಬೇಕು. ನೂರು ಸಲ ಬೀಸಿ ಐದು ಸಾಲುಗಳಲ್ಲಿ ಗೀಟು ಹಾಕಿದ ಮಕ್ಕಳಿಗೆ ಒಂದು ಸತ್ಯ ತಾನಾಗಿ ಗೋಚರಿಸುತ್ತದೆ: ಯಾವ ಬೀಸೂ ಎರಡು ಸಾಲುಗಳಲ್ಲಿಲ್ಲ; ಚೌಕ ಅಥವಾ ಬಾರಾ ಎಷ್ಟು ಸಲ ಬಂದಿತೆಂದರೆ ಆ ಎರಡು ಸಾಲುಗಳ ಗೀಟುಗಳನ್ನು ಕೂಡಿಸಿದರಾಯಿತು. ಕವಡೆ ಎಷ್ಟೇ ವಕ್ರವಾಗಿದ್ದರೂ ಈ ಕೂಡಿಕೆ ಕೆಡುವುದಿಲ್ಲ. 1933ರಲ್ಲಿ ರಷ್ಯದ ಕೋಲ್ಮೊಗೊರೊವ್ ಇಡೀ ಶಾಸ್ತ್ರವನ್ನು ಕೆಲವೇ ಮೂಲತತ್ತ್ವಗಳ ಮೇಲೆ ನಿಲ್ಲಿಸಿದಾಗ ಈ ಕೂಡಿಕೆಯನ್ನೇ ಅವುಗಳಲ್ಲೊಂದಾಗಿ ಅಂಗೀಕರಿಸಿದನು.

ಆದರೂ ಈ ಪಾಠಕ್ಕೆ ಅತ್ಯಂತ ಹತ್ತಿರದ ಸಾಮಗ್ರಿ ಪಕ್ಕದ ಪಿರಿಯಡ್ಡಿನಲ್ಲಿಯೇ ಬಿದ್ದಿದೆ, ಯಾರೂ ಎತ್ತಿಕೊಂಡಿಲ್ಲ. ಕನ್ನಡದ ತರಗತಿಯಲ್ಲಿ ಮಕ್ಕಳು ಪದ್ಯಕ್ಕೆ ಪ್ರಸ್ತಾರ ಹಾಕುತ್ತಾರೆ. ಯಮಾತಾರಾಜಭಾನಸಲಗಂ ಎಂಬ ಸೂತ್ರವನ್ನು ಉರುಹೊಡೆಯುತ್ತಾರೆ. ಮೂರು ಅಕ್ಷರ, ಪ್ರತಿಯೊಂದೂ ಲಘು ಇಲ್ಲವೆ ಗುರು: ಹೀಗೆ ಎಂಟು ಗಣಗಳು. ಮೂರು ನಾಣ್ಯಗಳನ್ನು ಎಸೆದಾಗ ಬರುವ ಎಂಟು ಫಲಗಳಿಗೂ ಇವುಗಳಿಗೂ ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲ. ಒಂದು ಗಣ ಯಗಣವಾಗಿದ್ದರೆ ರಗಣವಲ್ಲ. ಎಂಟರಲ್ಲಿ ಒಂದಂತೂ ಆಗಲೇಬೇಕು. ಎಂಟು ಚೀಟಿಗಳಲ್ಲಿ ಗಣಗಳ ಹೆಸರು ಬರೆದು ಒಂದನ್ನೆತ್ತಿದರೆ, ಒಂದೇ ಲಘುವಿರುವ ಗಣ ಸಿಕ್ಕುವ ಸಂಭವನೀಯತೆ 3/8. ಅವು ಯ, ರ, ತ. ಒಂದೇ ಗುರುವಿರುವವು ಜ, ಭ, ಸ, ಅದೂ 3/8. ಒಂದೇ ಗಣದಲ್ಲಿ ಒಂದೇ ಲಘುವೂ ಒಂದೇ ಗುರುವೂ ಇರುವುದು ಅಸಾಧ್ಯ, ಏಕೆಂದರೆ ಆಗ ಅಕ್ಷರಗಳು ಮೂರಾಗುವುದಿಲ್ಲ. ಆದ್ದರಿಂದ ಇದು ಅಥವಾ ಅದು ಸಿಕ್ಕುವುದು 6/8. ಇನ್ನು ಗುರುವಿನಿಂದ ಆರಂಭವಾಗುವ ಗಣಗಳು ಮ, ತ, ರ, ಭ, ಅಂದರೆ 4/8. ಒಂದೇ ಲಘುವಿರುವುದು ಅಥವಾ ಗುರುವಿನಿಂದ ಆರಂಭವಾಗುವುದು ಎಂದಾಗ 7/8 ಎನ್ನಲಾಗದು; ತ ಮತ್ತು ರ ಗಣಗಳು ಅಡ್ಡಗೋಡೆಯ ಮೇಲೆ ಕುಳಿತಿವೆ. ಯ, ರ, ತ, ಮ, ಭ ಹೀಗೆ ಐದೇ ಗಣಗಳು, 5/8.

ಇದು ಬಲವಂತದ ಹೋಲಿಕೆಯೂ ಅಲ್ಲ. ಪಿಂಗಳನ ಛಂದಶ್ಶಾಸ್ತ್ರಕ್ಕೆ 10ನೆಯ ಶತಮಾನದಲ್ಲಿ ವ್ಯಾಖ್ಯೆ ಬರೆದ ಹಲಾಯುಧನು ಮೇರುಪ್ರಸ್ತಾರವನ್ನು ವಿವರಿಸಿದ್ದಾನೆ. ನಾಲ್ಕು ಅಕ್ಷರಗಳಿಗೆ ಅದರ ಸಾಲು 1, 4, 6, 4, 1. ನಾಲ್ಕು ನಾಣ್ಯಗಳ ಹದಿನಾರು ರೀತಿಗಳು ಹಂಚಿಕೆಯಾಗುವುದೂ ಹಾಗೆಯೇ. ಅದಕ್ಕೂ ಹಿಂದೆ, 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಹಲವು ವಸ್ತುಗಳಿಂದ ಕೆಲವನ್ನು ಆರಿಸುವ ರೀತಿಗಳನ್ನೆಣಿಸುವ ಸಾಮಾನ್ಯ ಸೂತ್ರವನ್ನು ಕೊಟ್ಟಿದ್ದನು. ಎಣಿಸುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ.

ಲೆಕ್ಕದ ಹೊರಗೆ, ಬದುಕಿನಲ್ಲಿ, ಈ ವಿವೇಚನೆ ತಪ್ಪಿದರೆ ನಷ್ಟ ಅಂಕಗಳಲ್ಲಿ ಮುಗಿಯುವುದಿಲ್ಲ. ‘ನಮ್ಮೂರಲ್ಲಿ ಮಳೆ ಇಲ್ಲ’, ‘ನಮ್ಮೂರಿಗೆ ಹೊಳೆ ಬಂತು’ ಇವೆರಡು ಪರಸ್ಪರ ವರ್ಜಕವೇ ಎಂದು ರಾಮದುರ್ಗದ ತರಗತಿಯೊಂದರಲ್ಲಿ ಕೇಳಿ ನೋಡಬೇಕು. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ಮಳೆಯ ಮಡಿಲಲ್ಲಿ. ಅಲ್ಲಿ ಸುರಿದ ನೀರು ಸವದತ್ತಿ ತಾಲ್ಲೂಕಿನ ನವಿಲುತೀರ್ಥದ ಜಲಾಶಯಕ್ಕೆ ಬಂದು ಸೇರುತ್ತದೆ. ಜಲಾಶಯ ತುಂಬಿ ಬಾಗಿಲು ತೆರೆದರೆ ಕೆಳಗಿನ ರಾಮದುರ್ಗದತ್ತ ಹರಿಯುತ್ತದೆ. ರಾಮದುರ್ಗದ ಆಕಾಶ ನಿರ್ಮಲವಾಗಿದ್ದರೂ ಹೊಳೆ ಬರಬಲ್ಲದು. 2019ರ ಆಗಸ್ಟಿನಲ್ಲಿ ಜಲಾಶಯದಿಂದ ಹೊರಬಿದ್ದ ನೀರು ಆ ತಾಲ್ಲೂಕಿನ ನದೀತೀರದ ಊರುಗಳಿಗೆ ನುಗ್ಗಿದುದನ್ನು ಕಂಡ ಮಕ್ಕಳಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಸಂಗತಿಗಳು ಕೂಡಿ ಬರಲಾರವೆಂದು ಹೇಳುವ ಮುನ್ನ, ಕೂಡಿ ಬಾರದಂತೆ ಅವುಗಳನ್ನು ತಡೆಯುವುದೇನು ಎಂದು ಕೇಳುವುದೇ ಈ ಪಾಠದ ಜೀವಾಳ.

ಇನ್ನೊಂದು ಸಂಗತಿಯನ್ನು ಸಂಕೋಚ ಬಿಟ್ಟು ಹೇಳಬೇಕು. ಬೈಲಹೊಂಗಲ ಹತ್ತಿಯ ಪೇಟೆ. ಹತ್ತಿಯ ದರದಿಂದಲೇ ಹುಟ್ಟಿದ ಒಂದು ಜೂಜು ಉತ್ತರ ಕರ್ನಾಟಕಕ್ಕೆ ಅಪರಿಚಿತವಲ್ಲ. ನ್ಯೂಯಾರ್ಕಿನ ಹತ್ತಿ ವಿನಿಮಯ ಕೇಂದ್ರದ ಆರಂಭದ ದರ, ಮುಕ್ತಾಯದ ದರ ಮುಂಬಯಿಗೆ ತಂತಿಯಲ್ಲಿ ಬರುತ್ತಿದ್ದ ಕಾಲದಲ್ಲಿ ಅವುಗಳ ಮೇಲೆ ಜನ ಪಣ ಕಟ್ಟುತ್ತಿದ್ದರು. 1961ರಲ್ಲಿ ಆ ಕ್ರಮ ನಿಂತ ಮೇಲೆ ಮಡಕೆಯಿಂದ ಚೀಟಿ ಎತ್ತುವ ಮಟಕಾ ಬಂದಿತು. ಓಪನ್, ಕ್ಲೋಸ್ ಎಂಬ ಹೆಸರುಗಳು ಉಳಿದುವು, ಇಲ್ಲಿ ಅದು ಓ.ಸಿ. ಎನಿಸಿಕೊಂಡಿತು. ಕಾನೂನಿಗೆ ವಿರುದ್ಧವಾದರೂ ಸಂಬಳದ ದಿನ ಅದರ ದಾರಿ ಹಿಡಿಯುವ ತಂದೆಯರಿದ್ದಾರೆ, ಮನೆಯಲ್ಲಿ ಕಾಯುವ ಮಕ್ಕಳಿದ್ದಾರೆ. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಅಂಕಿಗಳು. ಒಂದು ಬಂದರೆ ಉಳಿದ ಒಂಬತ್ತು ಬರಲಾರವು. ಗೆದ್ದ ರೂಪಾಯಿಗೆ ಒಂಬತ್ತು ರೂಪಾಯಿ ಕೊಡುವರೆಂದು ಇಟ್ಟುಕೊಂಡರೆ, ಹತ್ತು ಅಂಕಿಗಳ ಮೇಲೂ ಒಂದೊಂದು ರೂಪಾಯಿ ಕಟ್ಟಿದವನು ಗೆಲ್ಲುವ ಸಂಭವನೀಯತೆ 1. ಅಂದರೆ ಗೆಲುವು ಖಚಿತ! ಅವನು ಕೊಟ್ಟದ್ದು ಹತ್ತು, ಪಡೆದದ್ದು ಒಂಬತ್ತು. ಅಂಕಿಗಳು ಸಮಬಲದವಾಗಿರಲಿ, ಇಲ್ಲದಿರಲಿ, ಯಾವ ಅಂಕಿ ಬಂದರೂ ಒಂದು ರೂಪಾಯಿ ಹೋಯಿತು.

ಇಪ್ಪತ್ತು ದಿನದಿಂದ ಮೂರು ಬಂದಿಲ್ಲ, ಆದ್ದರಿಂದ ನಾಳೆ ಬಂದೇ ಬರುತ್ತದೆ ಎಂಬ ವಾದವನ್ನು ಯಾವನಾದರೂ ಹುಡುಗ ಆಗ ಎತ್ತಿಯೇ ಎತ್ತುತ್ತಾನೆ. ಮನೆಯಲ್ಲಿ ಕೇಳಿದ ಮಾತು ಅದು. ಅದಕ್ಕೆ ಉತ್ತರ ಈ ಪಾಠದಲ್ಲಿಲ್ಲ. ಒಂದರ ಗತಿ ಇನ್ನೊಂದರ ಮೇಲೆ ಏನೂ ಪರಿಣಾಮ ಮಾಡದ ಸ್ವತಂತ್ರ ಘಟನೆಗಳ ಮಾತು ಅದು. ಅವುಗಳನ್ನು ಪರಸ್ಪರ ವರ್ಜಕ ಘಟನೆಗಳೊಡನೆ ಬೆರೆಸುವ ವಿದ್ಯಾರ್ಥಿಗಳು ಕಾಲೇಜಿನಲ್ಲಿಯೂ ಹೇರಳವಾಗಿ ಸಿಕ್ಕುತ್ತಾರೆ. ಮಂಗಳವಾರ ಬಂದೊಡನೆ ಅದೇ ದಿನ ಶುಕ್ರವಾರವಾಗುವ ಆಸೆ ಪೂರ್ತಿ ಅಳಿಯಿತು. ಇದಕ್ಕಿಂತ ಗಾಢವಾದ ಅವಲಂಬನೆ ಬೇರೆ ಯಾವುದು? ಸ್ವತಂತ್ರ ಘಟನೆಗಳಿಗೆ ಬೇರೊಂದು ದಿನ, ಬೇರೊಂದು ಪಿರಿಯಡ್ಡು ಬೇಕು. ಅಲ್ಲಿ ಕೂಡಿಸುವುದಿಲ್ಲ, ಗುಣಿಸುತ್ತಾರೆ.